ಅಕ್ಕನ ಮನೆ ಮುಟ್ಟುವ ಎಳೆ: ತಪ್ಪಾಗಿ ಹಾಡಿದ ಪದ

“ನಿಲ್ಲಿಸಿ. ಆ ಸಾಲು ಇನ್ನೊಂದು ಸಲ ಹಾಕಿ,” ಎಂದಳು ಆಶಾರಾಣಿ.

ಮುರಳಿಮೋಹನ್ ಮೌಸಿನ ಮೇಲಿಂದ ಕೈ ಎತ್ತಿ ಕಿಟಕಿಯ ಕಡೆ ತೋರಿಸಿದ. ಹಿಂದೂಪುರದ ಕಡೆಯಿಂದ ರೈಲು ಬರುತ್ತಿತ್ತು. ಗೌರಿಬಿದನೂರು ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ರೆಕಾರ್ಡಿಂಗ್ ಸ್ಟುಡಿಯೋ ತೆರೆದ ತಪ್ಪಿಗೆ ಅವನು ದಿನಕ್ಕೆ ಎಷ್ಟೋ ಸಲ ಹೀಗೆ ಕೈಕಟ್ಟಿ ಕೂರಬೇಕಾಗುತ್ತಿತ್ತು. ರೈಲು ದಾಟಿ ಹೋಯಿತು. ಮೇಜಿನ ಮೇಲಿನ ನೀರಿನ ಲೋಟ ನಡುಗುವುದು ನಿಂತಿತು.

“ಈಗ ಕೇಳಿ ಮೇಡಂ,” ಎಂದು ಅವನು ಗುಂಡಿ ಒತ್ತಿದ.

ಸ್ಪೀಕರ್ ಪೆಟ್ಟಿಗೆಯೊಳಗಿಂದ ಹೆಣ್ಣಿನ ದನಿಯೊಂದು ಎದ್ದಿತು. ಎತ್ತರದ ದನಿ, ಆದರೆ ಒಂದಿಷ್ಟೂ ಕಿರುಚದ ದನಿ. ಹಿಂದೆ ತಾಳವಿಲ್ಲ, ತಂಬೂರಿಯಿಲ್ಲ. ಹಾಡು ಫ್ರೆಂಚ್ ಭಾಷೆಯಲ್ಲಿತ್ತು. ಮಟ್ಟು ಮಾತ್ರ ನಮ್ಮ ಸೀಮೆಯದು.

ಮೂರು ತಿಂಗಳ ಹಿಂದೆ ಮೌನಿಕಾ ಬೆಲ್ಜಿಯಂ ದೇಶದ ಒಂದು ಅಂತರರಾಷ್ಟ್ರೀಯ ಗೀತಸ್ಪರ್ಧೆಗೆ ಕಳಿಸಿದ ಕಥನಗೀತೆಯನ್ನೇ, ಅದೇ ಮಾತು ಅದೇ ಮಟ್ಟಿನಲ್ಲಿ, ಇನ್ನಾರೋ ಹಾಡಿ ಕಳಿಸಿದ್ದರು. ಸೋಮವಾರದೊಳಗೆ ನಿಜ ಹೊರಬೀಳದಿದ್ದರೆ ಎರಡೂ ಹಾಡುಗಳನ್ನು ಕೈಬಿಡುವುದಾಗಿ ಸ್ಪರ್ಧೆಯವರು ಬರೆದಿದ್ದರು. ಕಳಿಸಿದವರ ಹೆಸರು ಹೇಳಲು ಅವರ ನಿಯಮ ಒಪ್ಪದು. ಅವರು ಕೊಟ್ಟದ್ದು ಈ ಧ್ವನಿಯೊಂದನ್ನೇ. ಇವತ್ತು ಗುರುವಾರ.

ಮೌನಿಕಾ ಮೂಲೆಯ ಸ್ಟೂಲಿನ ಮೇಲೆ ಕೂತು ಉಗುರು ಕಚ್ಚುತ್ತಿದ್ದಳು. ಇಪ್ಪತ್ತಾರರ ಹುಡುಗಿ, ಚಿಕ್ಕಬಳ್ಳಾಪುರದ ಖಾಸಗಿ ಶಾಲೆಯೊಂದರಲ್ಲಿ ಮಕ್ಕಳಿಗೆ ಫ್ರೆಂಚ್ ಹೇಳಿಕೊಡುತ್ತಾಳೆ. ಅವಳ ತಂದೆ ರಾಮಾಂಜಿನಪ್ಪನವರಿಗೆ ಕಳ್ಳ ಯಾರೆಂಬ ಬಗ್ಗೆ ಅನುಮಾನವೇ ಇರಲಿಲ್ಲ. ಹಾಡು ರೆಕಾರ್ಡ್ ಮಾಡಿದ್ದು ಮುರಳಿಮೋಹನ್, ಅದು ಇದ್ದದ್ದು ಅವನ ಕಂಪ್ಯೂಟರಿನಲ್ಲಿ, ಮಾರಿಕೊಂಡವನೂ ಅವನೇ. ನಾಳೆ ಪೊಲೀಸರಿಗೆ ಬರೆದುಕೊಡುತ್ತೇನೆಂದು ಅವರು ಬೆಳಿಗ್ಗೆಯಷ್ಟೇ ಸ್ಟುಡಿಯೋ ಬಾಗಿಲಲ್ಲಿ ನಿಂತು ಕೂಗಾಡಿ ಹೋಗಿದ್ದರು.

“ನಿನ್ನ ಹಾಡು ಹಾಕಿಸಮ್ಮ, ಇದೇ ಸಾಲು,” ಎಂದಳು ಆಶಾರಾಣಿ.

ಮೌನಿಕಾಳ ದನಿ ಬಂತು. ಆಶಾರಾಣಿ ಕಣ್ಣು ಮುಚ್ಚಿ ಕೇಳಿದಳು. ಇಪ್ಪತ್ತೆರಡು ವರ್ಷ ಪೊಲೀಸ್ ಕೆಲಸ ಮಾಡಿ, ಸ್ವಯಂ ನಿವೃತ್ತಿ ತೆಗೆದುಕೊಂಡು, ಈಗ ಚಿಕ್ಕಬಳ್ಳಾಪುರದಲ್ಲಿ ಸ್ವಂತ ಪತ್ತೇದಾರಿಕೆ ನಡೆಸುವ ಹೆಂಗಸು. ಫ್ರೆಂಚಿನ ಗಂಧಗಾಳಿ ಅವಳಿಗಿಲ್ಲ. ಆದರೆ ಜನ ಹೇಳಿದ್ದನ್ನು ಹೇಳಿದ ಹಾಗೇ ಕೇಳಿಸಿಕೊಳ್ಳುವುದು ಆ ಕೆಲಸ ಕಲಿಸಿಕೊಟ್ಟ ಅಭ್ಯಾಸ.

“ನೀನು ‘ಲೇ ಫಿಲ್’ ಅಂತೀಯ. ಆ ಹೆಂಗಸು ‘ಲೇ ಫಿಸ್’ ಅಂತಾಳೆ. ಮೂರು ಕಡೆ ಬರುತ್ತೆ, ಮೂರು ಕಡೆನೂ ಹಂಗೇ. ಯಾಕೆ?”

ಮೌನಿಕಾ ಉಗುರು ಬಿಟ್ಟಳು. “ಅದು ತಪ್ಪು ಮೇಡಂ. ನಾನು ಬರೆದಿರೋದು ‘ಲೇ ಫಿಲ್ ದ ಸ್ವಾ’, ರೇಷ್ಮೆ ಎಳೆಗಳು ಅಂತ. ಆದ್ರೆ ಬರೆಯೋವಾಗ ಎಳೆಗಳು ಅನ್ನೋಕೂ ಮಗ ಅನ್ನೋಕೂ ಸೇಮ್ ಸ್ಪೆಲ್ಲಿಂಗ್. ಎಳೆಗಳು ಅಂದ್ರೆ ‘ಫಿಲ್’ ಅಂತ ಓದ್ಬೇಕು, ಮಗ ಅಂದ್ರೆ ‘ಫಿಸ್’ ಅಂತ. ನನ್ನ ಸ್ಟೂಡೆಂಟ್ಸೂ ಇದನ್ನೇ ತಪ್ಪು ಮಾಡ್ತಾರೆ.”

“ಫ್ರೆಂಚರು ಯಾರಾದ್ರೂ ಹಿಂಗೆ ತಪ್ಪು ಮಾಡ್ತಾರಾ?”

“ಚಾನ್ಸೇ ಇಲ್ಲ. ರೇಷ್ಮೆ ಅಂತ ಪಕ್ಕದಲ್ಲೇ ಇದೆಯಲ್ಲ.”

“ನೀನು ಹಾಡಿದ್ದನ್ನ ಕೇಳಿ ಕಲಿತೋರು?”

“ಅವ್ರೂ ಮಾಡಲ್ಲ. ನಾನು ‘ಫಿಲ್’ ಅಂತ ಹಾಡಿದೀನಲ್ಲ...” ಎಂದ ಮೌನಿಕಾ ಅಲ್ಲಿಗೇ ನಿಂತಳು. ತಾನು ಹೇಳಿದ್ದರ ಅರ್ಥ ಅವಳಿಗೆ ಆಗಷ್ಟೇ ಹೊಳೆಯಿತು.

“ಅಂದ್ರೆ ಇದನ್ನ ಹಾಡಿದೋಳು ನಿನ್ನ ರೆಕಾರ್ಡಿಂಗ್ ಕೇಳೇ ಇಲ್ಲ,” ಎಂದಳು ಆಶಾರಾಣಿ. “ಕಾಗದ ನೋಡ್ಕೊಂಡು ಕಲ್ತಿದಾಳೆ. ಮುರಳಿ, ನಿಮ್ಮ ಹತ್ರ ಕಾಗದ ಇತ್ತಾ?”

“ಧ್ವನಿ ಬಿಟ್ಟು ನನ್ನ ಹತ್ರ ಏನೂ ಇರ್ಲಿಲ್ಲ ಮೇಡಂ. ನಾನು ಎಬಿಸಿಡಿ ಓದೋದೇ ಕಷ್ಟ.” ಅವನ ಮುಖಕ್ಕೆ ಬೆಳಗಿನಿಂದ ಹೋಗಿದ್ದ ರಕ್ತ ಮೆಲ್ಲಗೆ ವಾಪಸು ಬಂತು. “ರಾಮಾಂಜಿನಪ್ಪ ಸಾಹೇಬ್ರಿಗೆ ನೀವೇ ಒಂದು ಮಾತು ಹೇಳ್ಬಿಡಿ, ದಮ್ಮಯ್ಯ.”

“ಹೇಳ್ತೀನಿ. ಮೌನಿಕಾ, ಕಾಗದ ಯಾರ ಕೈಗೆ ಹೋಗಿತ್ತು?”

“ಕೋನಪ್ಪ ಮೇಷ್ಟ್ರಿಗೆ ಕೊಟ್ಟಿದ್ದೆ, ಚಿಂತಾಮಣೀಲಿ. ಚಿಕ್ಕವಳಿದ್ದಾಗ ನಂಗೆ ಸಂಗೀತ ಕಲಿಸಿದೋರು. ಮಾತು ಮಟ್ಟಿಗೆ ಕೂರುತ್ತಾ ನೋಡಿ ಅಂತ ಜೂನಲ್ಲಿ ಕೊಟ್ಟೆ, ನಾಲ್ಕೇ ದಿನಕ್ಕೆ ವಾಪಸ್ ಕೊಟ್ರು. ಅವ್ರು ಹಂಗೆಲ್ಲಾ ಮಾಡೋರಲ್ಲ ಮೇಡಂ. ಅವ್ರಿಗೆ ಫ್ರೆಂಚೇ ಬರಲ್ಲ.”

“ಅದಕ್ಕೇ ಕೇಳ್ತಿರೋದು,” ಎಂದಳು ಆಶಾರಾಣಿ. “ಮಟ್ಟು ನಿಂಗೆ ಎಲ್ಲಿ ಸಿಕ್ತು? ಇವತ್ತಾದ್ರೂ ಸರಿಯಾಗಿ ಹೇಳು.”

ಮೌನಿಕಾ ತಲೆ ತಗ್ಗಿಸಿದಳು. ಕಾಲೇಜಿನ ಶಿಬಿರಕ್ಕೆಂದು ಶಿಡ್ಲಘಟ್ಟಕ್ಕೆ ಹೋಗಿದ್ದಾಗ, ರೇಷ್ಮೆಗೂಡಿನಿಂದ ನೂಲು ತೆಗೆಯುವ ಒಂದು ಘಟಕದಲ್ಲಿ ಹೆಂಗಸರು ಹಾಡುತ್ತಿದ್ದರು. ಹಾಡಿನ ಕಥೆಯಲ್ಲಿ ಅಕ್ಕನನ್ನು ಏಳು ಕೆರೆಗಳ ಆಚೆಗೆ ಮದುವೆ ಮಾಡಿ ಕೊಟ್ಟಿರುತ್ತಾರೆ. ಅಕ್ಕನ ಮನೆ ಮುಟ್ಟುವಷ್ಟು ಉದ್ದದ ಎಳೆ ತೆಗೆದೇ ತೆಗೆಯುತ್ತೇನೆಂದು ತಂಗಿ ಹಠ ಹಿಡಿಯುತ್ತಾಳೆ. ಅದನ್ನು ಫೋನಿನಲ್ಲಿ ಹಿಡಿದುಕೊಂಡಿದ್ದಳು. ವರ್ಷಗಳಾದ ಮೇಲೆ ಅದೇ ಕಥೆಯನ್ನು ಫ್ರೆಂಚಿನಲ್ಲಿ ಹೊಸದಾಗಿ ಬರೆದಳು.

“ಹಾಡಿದೋರ ಹೆಸರು?”

“ಕೇಳ್ಲಿಲ್ಲ ಮೇಡಂ,” ಎಂದಳು ಮೌನಿಕಾ, ಮೆಲ್ಲಗೆ.

* * *

ಶುಕ್ರವಾರ ಹನ್ನೊಂದು ಗಂಟೆಗೆ ಆಶಾರಾಣಿ ಚಿಂತಾಮಣಿಯಲ್ಲಿ ಬಸ್ಸಿಳಿದಳು. ಕೋನಪ್ಪ ಮೇಷ್ಟ್ರ ಮನೆ ಸಿಗುವುದು ಕಷ್ಟವಾಗಲಿಲ್ಲ. ಬೀದಿಯ ತುಂಬ ಅವರ ಶಿಷ್ಯರೇ.

ಮೇಷ್ಟ್ರು ಜಗಲಿಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು, ನೆನೆಸಿದ ಅವರೆಕಾಳಿನ ಸಿಪ್ಪೆ ಹಿತುಕುತ್ತಿದ್ದರು. ಎಪ್ಪತ್ತು ದಾಟಿದ, ಕಡ್ಡಿಯಂಥ ಮನುಷ್ಯ. ಹೆಬ್ಬೆರಳಿನ ಒಂದೊಂದು ಒತ್ತಿಗೂ ಒಂದೊಂದು ಬೇಳೆ ಪಾತ್ರೆಯೊಳಕ್ಕೆ ಹಾರುತ್ತಿತ್ತು.

“ಯಾರ ಕಡೆಯೋರಮ್ಮ?”

“ಮೌನಿಕಾ ಕಡೆಯೋಳು ಮೇಷ್ಟ್ರೇ. ಆಶಾರಾಣಿ ಅಂತ. ಅವಳ ಫ್ರೆಂಚ್ ಹಾಡಿನ ವಿಷಯ ಮಾತಾಡಣ ಅಂತ ಬಂದೆ.”

ಹೆಬ್ಬೆರಳು ಒಂದು ಕ್ಷಣ ನಿಂತು ಮತ್ತೆ ಒತ್ತಿತು. “ಕೂತ್ಕೊಳಮ್ಮ.”

ಆಶಾರಾಣಿ ಚಪ್ಪಲಿ ಬಿಟ್ಟು ಎದುರಿಗೆ ಕೂತಳು. ತಾನೂ ಒಂದು ಹಿಡಿ ಕಾಳು ತೆಗೆದುಕೊಂಡು ಹಿತುಕತೊಡಗಿದಳು. ಬಾಗಿಲೊಳಗೆ ಗೋಡೆಯ ಗೂಡಿನಲ್ಲಿ ಹಾರ್ಮೋನಿಯಂ, ಅದರ ಮೇಲೆ ಒಂದಷ್ಟು ಪುಸ್ತಕಗಳು. ಕೆಳಗಿನಿಂದ ಎರಡನೆಯದು ದಪ್ಪನೆಯ ನಿಘಂಟು. ಅದರ ಬೆನ್ನಿನ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಆಶಾರಾಣಿ ಕೂತಲ್ಲಿಂದಲೇ ಓದಿಕೊಂಡಳು: ಫ್ರೆಂಚ್–ಇಂಗ್ಲಿಷ್.

“ಹಾಡು ಹೆಂಗಿದೆ ಮೇಷ್ಟ್ರೇ? ನಂಗೆ ಸಂಗೀತ ಗೊತ್ತಾಗಲ್ಲ.”

“ಚೆನ್ನಾಗಿದೆ. ಮಾತು ಮಟ್ಟಿನ ಮೇಲೆ ಕೂತಿದೆ. ಹುಡುಗಿ ಬುದ್ಧಿವಂತೆ.”

“ನಂಗೆ ಫ್ರೆಂಚೂ ಬರಲ್ಲ. ಅರ್ಥ ಕೇಳಿದ್ದೆ. ಎಲ್ಲಾ ತಿಳೀತು, ಒಂದು ಮಾತ್ರ ತಿಳೀಲಿಲ್ಲ. ಅಕ್ಕ ತಂಗಿ ಹಾಡಿನಲ್ಲಿ ಆ ಮಗ ಯಾಕೆ ಬಂದ?”

ಮೇಷ್ಟ್ರ ಮುಖ ಅರಳಿತು. ಪಾಠ ಹೇಳುವವರ ಮುಖ ಅರಳುವುದೇ ಹಾಗೆ, ಯಾರಾದರೂ ಸರಿಯಾದ ಪ್ರಶ್ನೆ ಕೇಳಿದಾಗ. “ಅದೇ ಕಣಮ್ಮ ಆ ಹಾಡಿನ ಸೊಗಸು! ರೇಷ್ಮೆಯ ಮಗ ಅಂದ್ರೆ ಯಾರು? ಹುಳ. ಗೂಡು ಕಟ್ಟಿ, ಒಳಗೇ ಪ್ರಾಣ ಬಿಟ್ಟು, ಎಳೆ ಕೊಟ್ಟು ಹೋಗೋ ಮಗ. ನಾನು ಆ ಸಾಲು ಓದಿ ಎರಡು ದಿನ...”

ಅವರು ನಿಲ್ಲಿಸಿದರು. ಆಶಾರಾಣಿ ಇನ್ನೊಂದು ಕಾಳು ಹಿತುಕಿದಳು.

“ಮೌನಿಕಾ ಹಾಡಿನಲ್ಲಿ ಮಗ ಇಲ್ಲ ಮೇಷ್ಟ್ರೇ. ಅದು ಎಳೆ. ಅಕ್ಷರ ಒಂದೇ, ಓದೋದು ಬೇರೆ. ಮಗ ಇರೋದು ಕದ್ದ ಹಾಡಿನಲ್ಲಿ ಮಾತ್ರ. ನಿಮ್ಮ ನಿಘಂಟಿನಲ್ಲಿ ಮಗ ಅನ್ನೋದೇ ಮೊದಲು ಸಿಕ್ಕಿರಬೇಕು.”

ಮೇಷ್ಟ್ರು ಅಂಗೈ ನೋಡಿಕೊಂಡರು. ಬೆರಳಿಗೆ ಸಿಪ್ಪೆ ಅಂಟಿತ್ತು. “ಎಳೆಯಾ?” ಎಂದರು. ಸಿಕ್ಕಿಬಿದ್ದದ್ದಕ್ಕಿಂತ ಆ ಸಾಲು ಕೈತಪ್ಪಿದ್ದಕ್ಕೇ ಅವರಿಗೆ ಹೆಚ್ಚು ಬೇಸರವಾದಂತಿತ್ತು.

“ಯಾಕೆ ಮಾಡಿದ್ರಿ?”

“ನಾನು ಇಪ್ಪತ್ತನಾಲ್ಕು ವರ್ಷ ಶಿಡ್ಲಘಟ್ಟದಲ್ಲಿ ಮೇಷ್ಟ್ರಾಗಿದ್ದೋನು. ಆ ಹಾಡು ಎಲ್ಲರೂ ಹಾಡೋ ಹಾಡಲ್ಲ. ಕಟ್ಟಿದೋಳು ಲಕ್ಷ್ಮಿದೇವಮ್ಮ ಅಂತ. ಗೂಡಿನ ಮಾರುಕಟ್ಟೆಯಿಂದ ಮೂರನೇ ಬೀದೀಲಿ ಈಗ್ಲೂ ಇದಾಳೆ, ಈಗ್ಲೂ ಬಿಸಿನೀರಲ್ಲಿ ಕೈ ಅದ್ದಿ ಎಳೆ ತೆಗೀತಾಳೆ. ಮಿಕ್ಕ ಹೆಂಗಸರು ಅವಳಿಂದ ಕಲ್ತಿದ್ದು. ಈ ಹುಡುಗಿ ಕಾಗದದ ಕೆಳಗಡೆ ಏನು ಟೈಪ್ ಮಾಡಿಸಿದ್ಳು ಗೊತ್ತಾ? ‘ಮೂಲ ತಿಳಿದಿಲ್ಲ’ ಅಂತ.” ಅವರ ದನಿ ಏರಲಿಲ್ಲ, ಆದರೆ ಹೆಬ್ಬೆರಳಿನಲ್ಲಿದ್ದ ಬೇಳೆ ನಜ್ಜುಗುಜ್ಜಾಯಿತು. “ತಿಳಿದಿಲ್ಲ ಅನ್ನಕ್ಕೆ ಮೊದಲು ಒಂದು ಸಲ ತಿಳ್ಕೊಳ್ಳೋ ಪ್ರಯತ್ನ ಮಾಡ್ಬೇಕಲ್ವಾ?”

“ಮಾಡ್ಬೇಕು. ನೀವೂ ಆ ಮಾತು ಅವಳಿಗೇ ಹೇಳಬಹುದಿತ್ತು. ಅದು ಬಿಟ್ಟು, ಅವಳು ಕಷ್ಟಪಟ್ಟು ಬರೆದಿದ್ದನ್ನ ಕೇಳ್ದೆ ತಗೊಂಡ್ರಿ.”

“ತಗೊಂಡೆ,” ಎಂದರು ಮೇಷ್ಟ್ರು. ನೆಪ ಹೇಳಲಿಲ್ಲ. “ನಾಲ್ಕು ದಿನ ನಿಘಂಟು ಹಿಡ್ಕೊಂಡು ಕೂತು, ಉಚ್ಚಾರಣೆ ನೋಡಿ ನೋಡಿ, ಪೂರ್ತಿ ಕನ್ನಡ ಅಕ್ಷರದಲ್ಲಿ ಬರೆದೆ, ಕೆಳಗಡೆ ಸ್ಪರ್ಧೆಯ ವಿಳಾಸನೂ. ಒಂದೇ ಪ್ರತಿ. ಲಕ್ಷ್ಮಿದೇವಮ್ಮನ ಕೈಗೆ ಕೊಟ್ಟು, ‘ಹಾಡಿಕೊಡಮ್ಮ, ನಿನ್ನ ಹೆಸರಲ್ಲಿ ಆ ಸ್ಪರ್ಧೆಗೆ ನಾನು ಕಳಿಸ್ತೀನಿ’ ಅಂದೆ. ಅವಳು ‘ನಂಗ್ಯಾಕೆ ಮೇಷ್ಟ್ರೇ’ ಅಂದ್ಳು. ಅಲ್ಲಿಗೆ ಮುಗೀತು. ನಾನು ಎಲ್ಲಿಗೂ ಏನೂ ಕಳಿಸಿಲ್ಲ. ಬೇಕಾದ್ರೆ ದೇವರ ಮುಂದೆ ಹೇಳ್ತೀನಿ.”

ಆಶಾರಾಣಿ ಕೈ ಒರೆಸಿಕೊಂಡು, ಫೋನ್ ತೆಗೆದು, ಹಾಡು ಹಾಕಿದಳು.

ಮೊದಲ ಸಾಲಿಗೇ ಮೇಷ್ಟ್ರ ಕಣ್ಣು ತುಂಬಿತು. ಬಿಸಿಲಿನಲ್ಲಿ ಕೂತ ಹಾಗೇ ಅವರು ತೊಡೆಯ ಮೇಲೆ ಮೆಲ್ಲಗೆ ತಾಳ ಹಾಕಿದರು. ತಾವು ಬರೆದ ತಪ್ಪು ಪದ ಬಂದಾಗ ಕಣ್ಣು ಮುಚ್ಚಿದರು.

“ಅವಳೇ,” ಎಂದರು. “ಹಾಡಲ್ಲ ಅಂದಿದ್ಳು. ಹಾಡಿದಾಳೆ ನೋಡಮ್ಮ! ನಂಗೂ ಹೇಳ್ದೆ ಕಳಿಸಿದಾಳೆ.”

* * *

ಚಿಂತಾಮಣಿಯಿಂದ ಶಿಡ್ಲಘಟ್ಟಕ್ಕೆ ಬರುವಷ್ಟರಲ್ಲಿ ಆಶಾರಾಣಿಯ ಮನಸ್ಸು ಹೆಚ್ಚುಕಡಿಮೆ ಹಗುರಾಗಿತ್ತು. ಇಬ್ಬರನ್ನೂ ಒಂದೆಡೆ ಕೂರಿಸಬೇಕು. ಮಟ್ಟು ಲಕ್ಷ್ಮಿದೇವಮ್ಮನದು, ಮಾತು ಮೌನಿಕಾಳದು ಎಂದು ಸ್ಪರ್ಧೆಯವರಿಗೆ ಒಂದು ಪತ್ರ ಬರೆಸಬೇಕು. ಹುಡುಗಿ ಕ್ಷಮೆ ಕೇಳಿದರೆ ಆ ಹೆಂಗಸು ಇಲ್ಲವೆನ್ನಲಾರಳು. ಆದರೂ ಒಂದು ಸಣ್ಣ ಮುಳ್ಳು ಚುಚ್ಚುತ್ತಲೇ ಇತ್ತು. ನೂಲು ತೆಗೆಯುವ ಹೆಂಗಸು ಹಾಡಬಹುದು, ಸರಿ. ಅದನ್ನು ಬೆಲ್ಜಿಯಮ್ಮಿಗೆ ಕಳಿಸಿದವರು ಯಾರು?

ಮಾರುಕಟ್ಟೆ ದಾಟಿ ಮೂರನೆಯ ಬೀದಿಗೆ ತಿರುಗುತ್ತಲೇ ಬೆಂದ ರೇಷ್ಮೆಹುಳದ ವಾಸನೆ ಮೂಗಿಗೆ ಬಡಿಯಿತು. ಊಟದ ಹೊತ್ತಾದ್ದರಿಂದ ಮನೆಮನೆಯ ರಾಟೆಗಳೂ ನಿಂತಿದ್ದವು. ಹಸಿರು ಬಾಗಿಲಿನ ಮನೆಯ ಹೊಸಿಲಲ್ಲಿ ಐವತ್ತೈದರ ಆಸುಪಾಸಿನ ಹೆಂಗಸೊಬ್ಬಳು ಊಟ ಮುಗಿಸಿ ತಟ್ಟೆ ತೊಳೆಯುತ್ತಿದ್ದಳು. ಕೈಬೆರಳುಗಳ ತುದಿ ಬಿಸಿನೀರಿನಲ್ಲಿ ಬೆಂದು ಬೆಂದು ಬೆಳ್ಳಗೆ ಸುಕ್ಕಾಗಿದ್ದವು. ಆಶಾರಾಣಿಯನ್ನು ಕಂಡು ಅವಳು ಎದ್ದು ನಿಂತಳು. ಬಂದವಳ ಮುಖವನ್ನೇ ದಿಟ್ಟಿಸಿದಳು.

“ಲಕ್ಷ್ಮಿದೇವಮ್ಮನವರಾ? ಕೋನಪ್ಪ ಮೇಷ್ಟ್ರು ಕಳಿಸಿದ್ರು.”

“ಬನ್ನಿ ಒಳಕ್ಕೆ.”

ಒಳಗೆ ಒಂದೇ ಕೋಣೆ, ಅಚ್ಚುಕಟ್ಟಾಗಿತ್ತು. ಅವಳು ಚಾಪೆ ಹಾಸಿ, ನೀರು ಕೊಟ್ಟು, ಗೋಡೆಗೊರಗಿ ನಿಂತಳು. ಆಶಾರಾಣಿ ಸುತ್ತು ಬಳಸದೆ ವಿಷಯ ಹೇಳಿದಳು. ಮೌನಿಕಾಳ ಹಾಡು, ಸ್ಪರ್ಧೆ, ಮೇಷ್ಟ್ರ ಕಾಗದ, ಎಲ್ಲವನ್ನೂ.

“ಕಾಗದ ಕೊಟ್ಟಿದ್ದು ನಿಜ. ನಾನು ಹಾಡ್ಲಿಲ್ಲ,” ಎಂದಳು ಲಕ್ಷ್ಮಿದೇವಮ್ಮ. “ಅರ್ಥ ಗೊತ್ತಿಲ್ದಿದ್ ಮಾತು ಬಾಯಿಗೆ ಹೆಂಗೆ ಬಂದಾತು?”

“ತಪ್ಪೇನಿಲ್ಲಮ್ಮ. ಹಾಡಿದ್ರೆ ಹಾಡಿದೀನಿ ಅನ್ನಿ. ಹಾಡು ನಿಮ್ದೇ ಅಲ್ವಾ?”

“ನಾನು ಹಾಡ್ಲಿಲ್ಲ ಅಂದ್ನಲ್ಲ. ಇರಿ, ಕೇಳಿ.”

ಅವಳು ಸೆರಗಿನಿಂದ ಬಾಯೊರೆಸಿಕೊಂಡು ನಿಂತಲ್ಲೇ ತನ್ನ ಹಾಡಿನ ಮೊದಲ ಸಾಲು ಎತ್ತಿಕೊಂಡಳು, ಕನ್ನಡದಲ್ಲಿ. ಮಟ್ಟು ಅದೇ. ಆದರೆ ದನಿ ಒಡಕು, ತಗ್ಗಿನದು. ಸಾಲಿನ ತುದಿಯಲ್ಲಿ ಮೇಲಕ್ಕೆ ಏರಬೇಕಾದ ಕಡೆ ಕೆಮ್ಮು ಬಂದು ಕಡಿದು ಹಾಕಿತು.

“ಇಷ್ಟೇ ನೋಡಿ. ಈ ಹಬೆ ಕುಡಿದೂ ಕುಡಿದೂ ಗಂಟಲು ಹೋಗಿ ಹತ್ತು ವರ್ಷಾತು. ಮೇಷ್ಟ್ರ ಕಿವೀಲಿ ನನ್ನ ಹಳೇ ದನಿನೇ ಉಳಕೊಂಡೈತೆ, ಪಾಪ.”

ಫೋನಿನಲ್ಲಿದ್ದ ದನಿ ಅದೇ ತಿರುವಿನಲ್ಲಿ ಹಕ್ಕಿಯಂತೆ ಏರಿ ಹೋಗುತ್ತಿತ್ತು. ಹತ್ತು ವರ್ಷದಿಂದ ಕೆಟ್ಟ ಗಂಟಲಿಗೆ ಅದು ಸಾಧ್ಯವೇ ಇಲ್ಲ.

“ಆ ಕಾಗದ ಎಲ್ಲಿದೆ?”

“ಈ ಅಟ್ಟದ ಮೇಲೆ ಮಡಗಿದ್ದೆ. ದೀಪಾವಳಿಗೆ ಸುಣ್ಣ ಬಳಿಯಾಗ ನೋಡಿದ್ರೆ ಇರ್ಲಿಲ್ಲ. ಇಲಿ ಎಳ್ಕೊಂಡೋಗೈತೆ ಅಂತ ಸುಮ್ಕಾದೆ.”

“ಮನೆಗೆ ಯಾರಾದ್ರೂ ಬಂದಿದ್ರಾ ಆಗ?”

“ನಾನು ಬೆಳಿಗ್ಗೆ ಏಳಕ್ಕೆ ಕೆಲಸಕ್ಕೆ ಹೋಗ್ತೀನಿ. ಬಾಗಿಲಿಗೆ ಚಿಲಕ ಹಾಕ್ತೀನಿ, ಅಷ್ಟೇ. ಇಲ್ಲೇನೈತೆ ಕದಿಯಕ್ಕೆ?”

“ಹಾಡು ಕೇಳ್ತೀರಾ?”

ಲಕ್ಷ್ಮಿದೇವಮ್ಮ ತಲೆಯಾಡಿಸಿದಳು. ಆಶಾರಾಣಿ ಫೋನನ್ನು ಚಾಪೆಯ ಮೇಲಿಟ್ಟು ಗುಂಡಿ ಒತ್ತಿದಳು.

ಆ ದನಿ ಕೋಣೆ ತುಂಬಿತು. ಗೋಡೆಗೊರಗಿದ್ದ ಹೆಂಗಸು ಮೊದಲು ಕುತೂಹಲದಿಂದ ಬಗ್ಗಿದಳು. ಎರಡನೆಯ ಸಾಲಿಗೆ ನೆಟ್ಟಗಾದಳು. ಮೂರನೆಯ ಸಾಲಿನಲ್ಲಿ ದನಿ ಮೇಲಕ್ಕೇರಿದಾಗ, ಗೋಡೆ ಬಿಟ್ಟು ಬಂದು ಫೋನಿನ ಮುಂದೆ ಕೂತಳು.

“ದೇವುಡಾ...” ಎಂದಳು. “ಇದು ನಮ್ಮ ಗಂಗರತ್ನ.”

“ಯಾರು ಗಂಗರತ್ನ?”

“ನನ್ನ ತಂಗಿ. ನಾನು ಎತ್ತಿ ಆಡಿಸಿದ ಕೂಸು. ಈ ಹಾಡು ನಾನು ಕಟ್ಟಿದ್ದೇ ಅವಳಿಗೆ, ಒಂದೇ ರಾಟೇಲಿ ಕೂತು ಇಬ್ರೂ ಹಾಡ್ತಿದ್ವಿ. ಮೇಲಕ್ಕೆ ಹೋಗೋ ಜಾಗ ಬಂದ್ರೆ ನಾನು ಬಿಟ್ಬಿಡ್ತಿದ್ದೆ, ಅವಳು ಒಬ್ಳೇ ಎತ್ತೋಳು. ಹಿಂಗೇ. ಇದೇ ಥರ.”

“ಅವರೀಗ ಎಲ್ಲಿದಾರೆ?”

ಲಕ್ಷ್ಮಿದೇವಮ್ಮ ಆಶಾರಾಣಿಯ ತಲೆಯ ಮೇಲಿನ ಗೋಡೆಯತ್ತ ನೋಡಿದಳು. ಆಶಾರಾಣಿ ತಿರುಗಿದಳು. ಒಬ್ಬ ಯುವತಿಯ ಚಿತ್ರ. ಅದಕ್ಕೆ ಪ್ಲಾಸ್ಟಿಕ್ ಹೂವಿನ ಹಾರ, ಹಣೆಯ ಜಾಗದಲ್ಲಿ ಗಾಜಿನ ಮೇಲೆ ಇವತ್ತಿಟ್ಟ ಕುಂಕುಮ.

“ಸತ್ತು ಹದಿನಾರು ವರ್ಷಾತು,” ಎಂದಳು ಲಕ್ಷ್ಮಿದೇವಮ್ಮ.

ಆಶಾರಾಣಿ ಹಾಡು ನಿಲ್ಲಿಸಿದಳು. ಹಳೆಯ ಧ್ವನಿಮುದ್ರಣ ಇರಬಹುದೇ? ಆ ಯೋಚನೆ ಬಂದಷ್ಟೇ ಬೇಗ ಹೋಯಿತು. ಈ ಫ್ರೆಂಚ್ ಮಾತುಗಳನ್ನು ಮೌನಿಕಾ ಬರೆದದ್ದು ಹೋದ ಜೂನಿನಲ್ಲಿ. ಆ ತಪ್ಪು ಪದ ಹುಟ್ಟಿದ್ದು ಅದಾದ ಮೇಲೆ, ಕೋನಪ್ಪ ಮೇಷ್ಟ್ರ ಕೈಯಲ್ಲಿ. ಅದನ್ನು ಹಾಡಿದವಳು ಹೋದ ಜೂನಿನ ಆಚೆಗೆ ಬದುಕಿದ್ದಳು. ಈ ಅಟ್ಟದ ಮೇಲೆ ಕೈಯಾಡಿಸಿದ್ದಳು.

“ದನಿ ಅವರದೇನಾ? ಮೇಷ್ಟ್ರು ಅದನ್ನ ನಿಮ್ಮ ದನಿ ಅಂದ್ಕೊಂಡ್ರು. ನೀವೂ ತಪ್ಪು ಕೇಳಿರಬಹುದು.”

“ಮೇಷ್ಟ್ರು ತಪ್ತಾರೆ. ನಾನು ತಪ್ಪಲ್ಲ.” ಲಕ್ಷ್ಮಿದೇವಮ್ಮ ಕಣ್ಣೊರೆಸಿಕೊಂಡು ಆಶಾರಾಣಿಯನ್ನು ನೆಟ್ಟಗೆ ನೋಡಿದಳು. “ನಿಮ್ಮನ್ನ ಬಾಗಿಲಲ್ಲೇ ಗುರುತು ಹಿಡಿದೆ. ನಿಮ್ಗೆ ನನ್ನ ಗುರುತು ಸಿಗ್ಲಿಲ್ಲ ಅಲ್ವಾ? ಅವತ್ತು ನೀವು ಖಾಕಿ ಹಾಕಿದ್ರಿ. ಕೆರೆ ಏರಿ ಮೇಲೆ.”

ಕೆರೆ ಏರಿ. ಒದ್ದೆ ಚಾಪೆ. ಅವಳು ಸಬ್ ಇನ್ಸ್‌ಪೆಕ್ಟರಾಗಿ ಈ ಕಡೆಗೆ ಬಂದ ಮೊದಲ ವರ್ಷ. ಮನೆ ಬಿಟ್ಟು ಒಂಬತ್ತು ದಿನವಾಗಿದ್ದ ಹೆಣ್ಣುಮಗಳು. ಮೀನು ತಿಂದು ಗುರುತೇ ಉಳಿಯದ ಮುಖ. ಗುರುತು ಹಿಡಿಯಲು ಬಂದು, ಸೀರೆಯ ಅಂಚು ನೋಡಿ ಕುಸಿದು ಬಿದ್ದ ಒಬ್ಬಳು ಅಕ್ಕ.

“ನಾನು ಮುಖ ನೋಡ್ಲಿಲ್ಲ,” ಎಂದಳು ಲಕ್ಷ್ಮಿದೇವಮ್ಮ. “ಆಗ್ಲಿಲ್ಲ. ಸೀರೆ ನೋಡ್ದೆ, ನಾನೇ ತಂದುಕೊಟ್ಟಿದ್ದ ಸೀರೆ. ನೀವು ‘ನಿಮ್ಮ ತಂಗೀನೇನಾ?’ ಅಂದ್ರಿ. ನಾನು ‘ಹೂಂ’ ಅಂದೆ. ನೀವು ಬರ್ಕೊಂಡ್ರಿ.”

ಹೊರಗೆ ಊಟದ ಬಿಡುವು ಮುಗಿದು ರಾಟೆಗಳು ಒಂದೊಂದಾಗಿ ತಿರುಗತೊಡಗಿದವು. ಲಕ್ಷ್ಮಿದೇವಮ್ಮ ಚಾಪೆಯ ಮೇಲಿನ ಫೋನನ್ನು ಮುಟ್ಟಿದಳು, ಸುಡುತ್ತದೆಯೋ ಎಂಬಂತೆ ಕೈ ಹಿಂದಕ್ಕೆ ಎಳೆದುಕೊಂಡಳು.

“ಹಂಗಾದ್ರೆ,” ಎಂದಳು, ಒಡಕು ದನಿಯಲ್ಲಿ, ಒಂದೊಂದೇ ಮಾತು ಬಿಡಿಸಿ, “ಅವತ್ತು ನಾವಿಬ್ರೂ ಸೇರ್ಕೊಂಡು ಮಣ್ಣು ಮಾಡಿದ್ದು ಯಾರನ್ನಮ್ಮಾ?”